ಕಲಿಯುವವರಿಗೇ ಬೇಕು ಒಳ್ಳೆಯ ರೇಡಿಯೊ

ಮನೆಯಲ್ಲೇ ಫೋಮ್ ಹಾಳೆ ಕತ್ತರಿಸಿ, ಅಂಟು ಹಚ್ಚಿ ಮೊದಲ ಮಾದರಿ ವಿಮಾನ ಕಟ್ಟಲು ಹೊರಟವರಿಗೆ ಅಂಗಡಿಯವರಿಂದ ಹಿಡಿದು ಕಾಲೇಜಿನ ಹಿರಿಯ ವಿದ್ಯಾರ್ಥಿಗಳವರೆಗೆ ಬಹುತೇಕ ಎಲ್ಲರೂ ಕೊಡುವ ಸಲಹೆ ಒಂದೇ: ‘ಈಗಷ್ಟೇ ಕಲಿಯುತ್ತಿದ್ದೀರಿ, ಸದ್ಯಕ್ಕೆ ಅಗ್ಗದ ರೇಡಿಯೊ ಸಾಕು. ಕೈ ಪಳಗಿದ ಮೇಲೆ ಒಳ್ಳೆಯದು ತಗೊಂಡರಾಯಿತು.’ ಕೇಳಲು ವಿವೇಕದ ಮಾತಿನಂತಿದೆ. ಮಕ್ಕಳ ಹವ್ಯಾಸಕ್ಕೆ ನಮ್ಮ ಮನೆಗಳಲ್ಲಿ ಹಣ ಬಿಚ್ಚುವ ರೀತಿಗೂ ಇದು ಹೊಂದುತ್ತದೆ. ಆದರೆ ಕೈಯಾರೆ ಕಟ್ಟಿದ ವಿಮಾನದ ಮಟ್ಟಿಗೆ ಈ ಸಲಹೆ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಪಳಗಿದವರು ಸಾಧಾರಣ ರೇಡಿಯೊದಲ್ಲೂ ಹಾರಿಸಿಯಾರು. ಹೊಸಬರಿಗೆ ಅದು ಸಾಲದು. ಮೊದಲ ವಿಮಾನಕ್ಕೆಂದು ಎತ್ತಿಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ರೇಡಿಯೊಗೆ ಹೋಗಬೇಕು. ಉಳಿದಿದ್ದರಲ್ಲಿ ವಿಮಾನ ಎದ್ದರೆ ಸಾಕು. ವಿಮಾನ ಮುರಿಯುತ್ತದೆ, ಮುರಿಯಲೇಬೇಕು. ಕಲಿಯುವುದೇ ಹಾಗೆ. ಟ್ರಾನ್ಸ್‌ಮಿಟರ್ ಮಾತ್ರ ನೆಲದ ಮೇಲೆ, ನಿಮ್ಮ ಕೈಯಲ್ಲೇ ಇರುತ್ತದೆ. ವಿಮಾನ ಬಿದ್ದಾಗ ಹಾಳಾಗದ, ಆದರೆ ತಾನು ಸರಿಯಿಲ್ಲದಿದ್ದರೆ ವಿಮಾನವನ್ನು ಬೀಳಿಸುವ ಮುಖ್ಯ ಸಾಮಾನು ಅದೊಂದೇ.

ವಿಷಯ ಹೊಸದಾದವರಿಗಾಗಿ ಸ್ವಲ್ಪ ವಿವರಣೆ. ರೇಡಿಯೊ ಸೆಟ್ ಎಂದರೆ ಎರಡು ಸ್ಟಿಕ್‌ಗಳಿರುವ ಟ್ರಾನ್ಸ್‌ಮಿಟರ್, ವಿಮಾನದ ಹೊಟ್ಟೆಯಲ್ಲಿ ಕೂರುವ ಹತ್ತು ಹದಿನೈದು ಗ್ರಾಂ ತೂಕದ ರಿಸೀವರ್, ಅದಕ್ಕೆ ಜೋಡಿಸಿದ ಸರ್ವೋಗಳು. ಸ್ಟಿಕ್ ಸರಿಸಿದಷ್ಟೇ ಪ್ರಮಾಣದಲ್ಲಿ ಸರ್ವೋದ ಕೈ ತಿರುಗಿ, ತಂತಿಯ ಮೂಲಕ ರೆಕ್ಕೆ ಅಥವಾ ಬಾಲದ ಚಲಿಸುವ ಪಟ್ಟಿಯನ್ನು ಎತ್ತುತ್ತದೆ, ಇಳಿಸುತ್ತದೆ. ಒಂದೊಂದು ಕೆಲಸಕ್ಕೆ ಒಂದೊಂದು ಚಾನೆಲ್: ಮೋಟಾರಿನ ವೇಗಕ್ಕೆ ಥ್ರಾಟಲ್, ಮೂತಿ ಎತ್ತಿ ಇಳಿಸಲು ಎಲಿವೇಟರ್, ಮೂತಿಯನ್ನು ಎಡಬಲಕ್ಕೆ ತಿರುಗಿಸಲು ರಡ್ಡರ್, ರೆಕ್ಕೆ ವಾಲಿಸಲು ಏಲರಾನ್. ಈಗ ಖರ್ಚು ನೋಡಿ. ಒಂದು ಮೀಟರ್ ರೆಕ್ಕೆಯ, ಮುಕ್ಕಾಲು ಕೆಜಿ ಆಸುಪಾಸಿನ ಫೋಮ್ ವಿಮಾನಕ್ಕೆ ಬೇಕಾದ ಬ್ರಷ್‌ಲೆಸ್ ಮೋಟಾರ್, 30 ಆಂಪಿಯರ್‌ನ ಸ್ಪೀಡ್ ಕಂಟ್ರೋಲರ್, ಒಂಬತ್ತು ಗ್ರಾಂನ ನಾಲ್ಕು ಸರ್ವೋ, ಮೂರು ಸೆಲ್‌ನ ಲಿಥಿಯಂ ಪಾಲಿಮರ್ ಬ್ಯಾಟರಿ, ಪ್ರೊಪೆಲ್ಲರ್, ಫೋಮ್, ಅಂಟು ಎಲ್ಲ ಸೇರಿ ಇಂದಿನ ಮಾರುಕಟ್ಟೆಯಲ್ಲಿ ಸುಮಾರು ನಾಲ್ಕು ಸಾವಿರ ರೂಪಾಯಿ. ನಂಬಬಹುದಾದ ಆರು ಚಾನೆಲ್‌ನ ರೇಡಿಯೊ ಸೆಟ್ ಕೂಡ ನಾಲ್ಕೈದು ಸಾವಿರದ ಆಸುಪಾಸಿಗೆ ಬರುತ್ತದೆ. ‘ಆಟದ ಸಾಮಾನಿನ ರಿಮೋಟಿಗೆ ವಿಮಾನಕ್ಕಿಂತ ಹೆಚ್ಚು ದುಡ್ಡೇ?’ ಎಂದು ಅಪ್ಪ ಅಮ್ಮ ಹುಬ್ಬೇರಿಸುವುದು ಇಲ್ಲಿಯೇ.

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ವಿಮಾನಗಳ ಜೊತೆ ಸರಳ, ಅಗ್ಗದ ರಿಮೋಟ್ ಬರುತ್ತದಲ್ಲ, ಅದರಲ್ಲೇ ಜನ ಕಲಿಯುತ್ತಾರಲ್ಲ ಎಂದು ಕೇಳಬಹುದು. ನಿಜ. ಆದರೆ ಆ ರಿಮೋಟ್ ಸರಳವಾಗಿರಲು ಕಾರಣವಿದೆ. ಕಷ್ಟದ ಕೆಲಸವನ್ನೆಲ್ಲ ಕಾರ್ಖಾನೆಯವರೇ ಮುಗಿಸಿರುತ್ತಾರೆ. ಗುರುತ್ವ ಕೇಂದ್ರ ಎಲ್ಲಿ ಬರಬೇಕು, ಸರ್ವೋ ಯಾವ ಕಡೆಗೆ ತಿರುಗಬೇಕು, ಪಟ್ಟಿ ಎಷ್ಟು ಡಿಗ್ರಿ ಏಳಬೇಕು, ಮೋಟಾರಿನ ಮೂತಿ ಎಷ್ಟು ಬಲಕ್ಕೆ ವಾಲಿರಬೇಕು ಎಂಬುದನ್ನು ನೂರಾರು ಸಲ ಹಾರಿಸಿ ನೋಡಿ, ಅಚ್ಚಿನಲ್ಲೇ ಕೂರಿಸಿರುತ್ತಾರೆ. ಅಲ್ಲಿ ರೇಡಿಯೊ ಸರಿಪಡಿಸಬೇಕಾದ್ದು ಏನೂ ಉಳಿದಿರುವುದಿಲ್ಲ. ಮನೆಯಲ್ಲಿ ಕಟ್ಟಿದ ಮೊದಲ ವಿಮಾನದ ಕಥೆ ಇದಕ್ಕೆ ಪೂರ್ತಿ ವಿರುದ್ಧ. ಎಡ ರೆಕ್ಕೆ ಬಲ ರೆಕ್ಕೆಗಿಂತ ಕೂದಲೆಳೆಯಷ್ಟು ತಿರುಚಿಕೊಂಡಿರುತ್ತದೆ. ಬಾಲ ಒಂದೆರಡು ಡಿಗ್ರಿ ಸೊಟ್ಟಗಿರುತ್ತದೆ. ಸರ್ವೋದ ಕೈಯನ್ನು ನಡುವಿಗೆ ಕೂರಿಸಲು ಹಲ್ಲು ಹೊಂದದೆ ಸ್ವಲ್ಪ ಓರೆಯಾಗಿ ಸಿಕ್ಕಿಸಿರುತ್ತಾರೆ. ಒಂದು ಸರ್ವೋ ಬೇಕಾದ ದಿಕ್ಕಿಗೆ ತಿರುಗಿದರೆ ಇನ್ನೊಂದು ಉಲ್ಟಾ. ಇವು ದಡ್ಡತನದ ಗುರುತುಗಳಲ್ಲ, ಕೈಕೆಲಸದ ಸಹಜ ಲಕ್ಷಣಗಳು. ಇವನ್ನು ಸರಿಪಡಿಸುವ ದಾರಿಗಳು ಎರಡೇ. ಒಂದೋ ವಿಮಾನವನ್ನು ಬಿಚ್ಚಿ ಮತ್ತೆ ಕಟ್ಟಬೇಕು, ಇಲ್ಲವೇ ರೇಡಿಯೊದಲ್ಲಿ ಅದಕ್ಕೆ ತಕ್ಕ ಅವಕಾಶ ಇರಬೇಕು.

ಆ ಅವಕಾಶಗಳು ಯಾವುವು ಎಂದು ನೋಡಿದರೆ ನನ್ನ ವಾದದ ತಿರುಳು ಅಲ್ಲೇ ಸಿಗುತ್ತದೆ. ಸರ್ವೋ ಉಲ್ಟಾ ತಿರುಗಿದರೆ ದಿಕ್ಕು ಬದಲಿಸುವ ರಿವರ್ಸ್, ನಡುಬಿಂದುವನ್ನು ಆಚೀಚೆ ಸರಿಸುವ ಸಬ್‌ಟ್ರಿಮ್, ಪಟ್ಟಿಯ ಓಟಕ್ಕೆ ಮಿತಿ ಹಾಕುವ ಎಂಡ್‌ಪಾಯಿಂಟ್, ಸ್ವಿಚ್ ಒತ್ತಿದರೆ ವಿಮಾನದ ಚುರುಕನ್ನು ಅರ್ಧಕ್ಕಿಳಿಸುವ ಡ್ಯುಯಲ್ ರೇಟ್, ಸ್ಟಿಕ್‌ನ ನಡುಭಾಗವನ್ನು ಮೆತ್ತಗಾಗಿಸಿ ನಡುಗುವ ಹೆಬ್ಬೆರಳನ್ನು ಮನ್ನಿಸುವ ಎಕ್ಸ್‌ಪೊ. ಬಾಲವಿಲ್ಲದ ತ್ರಿಕೋನ ರೆಕ್ಕೆಯ ವಿಮಾನ ಕಟ್ಟಿದರೆ ಎಲಿವೇಟರನ್ನೂ ಏಲರಾನನ್ನೂ ಬೆರೆಸುವ ಮಿಕ್ಸಿಂಗ್ ಬೇಕು. ಇವೆಲ್ಲ ಪರಿಣತರ ಸೌಕರ್ಯಗಳು ಎಂದು ಹೇಳುವವರಿದ್ದಾರೆ. ಪರಿಣತರು ನೇರವಾದ ವಿಮಾನ ಕಟ್ಟುತ್ತಾರೆ, ಅವರ ಹೆಬ್ಬೆರಳು ನಡುಗುವುದಿಲ್ಲ. ಹಾಗಾದರೆ ಎಕ್ಸ್‌ಪೊ ಯಾರಿಗೆ ಹೆಚ್ಚು ಬೇಕು? ಮೊದಲ ಹಾರಾಟದಲ್ಲಿ ವಿಮಾನ ಬೀಳುವ ಹಳೆಯ, ಸಾಮಾನ್ಯ ಕಾರಣಗಳಲ್ಲೊಂದು ಏಲರಾನ್ ಉಲ್ಟಾ ಜೋಡಣೆಯಾಗಿರುವುದು. ಬಲಕ್ಕೆ ಸ್ಟಿಕ್ ಸರಿಸಿದರೆ ವಿಮಾನ ಎಡಕ್ಕೆ ಮಗುಚುತ್ತದೆ, ಗಾಬರಿಯಲ್ಲಿ ಇನ್ನಷ್ಟು ಬಲಕ್ಕೆ ಸರಿಸುತ್ತಾರೆ, ಅಲ್ಲಿಗೆ ಮುಗಿಯಿತು. ರಿವರ್ಸ್ ಮಾಡಿದ ಸ್ಥಿತಿ ಪರದೆಯ ಮೇಲೆ ಕಾಣುವ, ಒಂದೊಂದು ವಿಮಾನದ ಹೊಂದಿಕೆಯನ್ನು ಅದರದೇ ಹೆಸರಿನಲ್ಲಿ ನೆನಪಿಡುವ ರೇಡಿಯೊದಲ್ಲಿ ಈ ತಪ್ಪು ನೆಲದ ಮೇಲೆಯೇ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು.

ಇದನ್ನು ಒಂದು ಉದಾಹರಣೆಯ ಮೂಲಕ ನೋಡೋಣ. ನಮ್ಮ ಕಾಲೇಜು ಪ್ರಾಜೆಕ್ಟುಗಳಲ್ಲಿ ಬಹಳ ವರ್ಷ ಕಾಣಿಸಿಕೊಂಡ ಸೆಟ್ ಎಂದರೆ ಫ್ಲೈಸ್ಕೈ ಕಂಪನಿಯ ಸಿಟಿ6ಬಿ. ಆರು ಚಾನೆಲ್, ಬೆಲೆ ಕಡಿಮೆ, ಹಾರಿಸಲು ಅಡ್ಡಿಯಿಲ್ಲ. ಆದರೆ ಅದಕ್ಕೆ ಪರದೆಯೇ ಇಲ್ಲ. ಮಿಕ್ಸಿಂಗ್ ಬದಲಿಸಬೇಕೆಂದರೆ ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಬೇಕು. ಮೈದಾನದಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂರುವುದು ಬೇಡವೆಂದು ಹುಡುಗರು ‘ಹೇಗಿದೆಯೋ ಹಾಗೇ ಎಸೆಯೋಣ’ ಎಂದು ಬಿಟ್ಟರೆ ಅದು ಅವರ ಸೋಮಾರಿತನವಷ್ಟೇ ಅಲ್ಲ, ಉಪಕರಣ ಒಡ್ಡಿದ ಆಮಿಷವೂ ಹೌದು. ಅದೇ ಕಂಪನಿಯ ಎಫ್‌ಎಸ್-ಐ6 ಎಂಬ ಸೆಟ್‌ಗೆ ಒಂದೆರಡು ಸಾವಿರ ಹೆಚ್ಚು ಕೊಟ್ಟರೆ ಪರದೆ ಇದೆ, 20 ಮಾದರಿಗಳ ನೆನಪಿದೆ, ಮೇಲೆ ಹೇಳಿದ ಹೊಂದಿಕೆಗಳೆಲ್ಲ ಮೆನುವಿನಲ್ಲೇ ಇವೆ, ರಿಸೀವರ್‌ಗೆ ಸಿಗುತ್ತಿರುವ ವೋಲ್ಟೇಜ್ ಎಷ್ಟೆಂದು ಹಾರುತ್ತಿರುವಾಗಲೇ ತೋರಿಸುತ್ತದೆ. ಆ ಒಂದೆರಡು ಸಾವಿರವನ್ನು ಉಳಿಸುವುದು ಉಳಿತಾಯವಲ್ಲ. ಒಂದೇ ಒಂದು ಅಪಘಾತದಲ್ಲಿ ಬ್ಯಾಟರಿಯೂ ಮೋಟಾರೂ ಹೋದರೆ ಹೆಚ್ಚುಕಡಿಮೆ ಅಷ್ಟೇ ಹಣ ಮಣ್ಣಾಗುತ್ತದೆ.

ರೇಡಿಯೊಗೇ ಮೊದಲ ಮಣೆ ಎಂಬುದು ಹೊಸ ಮಾತೂ ಅಲ್ಲ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ರೇಡಿಯೊದಿಂದ ನಡೆಯುವ ಪುಟ್ಟ ದೋಣಿಯನ್ನು ತೋರಿಸಿದ್ದರು. ಮಾದರಿ ವಿಮಾನಗಳಲ್ಲಿ ಆ ಕನಸು ಕೈಗೂಡಿದ್ದು 1937ರ ಹೊತ್ತಿಗೆ, ಅಮೆರಿಕದ ಮಿಷಿಗನ್ ರಾಜ್ಯದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಎಂಬ ಸಹೋದರರ ‘ಗಫ್’ ವಿಮಾನದಲ್ಲಿ. ಒಬ್ಬರು ವಿಮಾನ ಕಟ್ಟಿದರೆ ಇನ್ನೊಬ್ಬರು ರೇಡಿಯೊ ಕಟ್ಟಿದರು. ಶ್ರಮದ ಅರ್ಧ ಪಾಲು ರೇಡಿಯೊದ್ದೇ ಆಗಿತ್ತು. ಆ ವಿಮಾನ ಈಗ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಮುಂದೆ ದಶಕಗಟ್ಟಲೆ ಅಮೆರಿಕದಲ್ಲಿ 72 ಮೆಗಾಹರ್ಟ್ಸ್, ಬ್ರಿಟನ್ನಿನಲ್ಲಿ 35 ಮೆಗಾಹರ್ಟ್ಸ್ ಎಂದು ಬ್ಯಾಂಡ್‌ಗಳು ಗೊತ್ತಾಗಿದ್ದ ಕಾಲದಲ್ಲಿ ಒಂದೇ ತರಂಗಾಂತರದ ಇಬ್ಬರು ಒಟ್ಟಿಗೆ ಸ್ವಿಚ್ ಹಾಕಿದರೆ ಒಂದು ವಿಮಾನ ಬಿದ್ದಂತೆಯೇ. ಅದಕ್ಕೇ ಮೈದಾನದಲ್ಲಿ ಒಂದು ಹಲಗೆ, ಹಲಗೆಯ ಮೇಲೆ ಚಾನೆಲ್ ಸಂಖ್ಯೆ ಬರೆದ ಕ್ಲಿಪ್‌ಗಳು. ಕ್ಲಿಪ್ ಕೈಯಲ್ಲಿಲ್ಲದವರು ಟ್ರಾನ್ಸ್‌ಮಿಟರ್ ಮುಟ್ಟುವಂತಿರಲಿಲ್ಲ. 2005ರ ಸುಮಾರಿಗೆ 2.4 ಗಿಗಾಹರ್ಟ್ಸ್ ಸೆಟ್‌ಗಳು ಬಂದ ಮೇಲೆ ಈ ಕಾಟ ತಪ್ಪಿತು. ಪ್ರತಿ ಟ್ರಾನ್ಸ್‌ಮಿಟರಿಗೂ ತನ್ನದೇ ಗುರುತು ಸಂಖ್ಯೆ, ಒಮ್ಮೆ ಬೈಂಡ್ ಮಾಡಿದ ರಿಸೀವರ್ ಅದರ ಮಾತನ್ನು ಮಾತ್ರ ಕೇಳುತ್ತದೆ. ಭಾರತ ಈ ಬ್ಯಾಂಡಿನ ಕಡಿಮೆ ಶಕ್ತಿಯ ಬಳಕೆಯನ್ನು ಪರವಾನಗಿಯಿಂದ ಮುಕ್ತಗೊಳಿಸಿದ್ದೂ 2005ರಲ್ಲೇ.

ಇಲ್ಲಿಂದಲೇ ಒಂದು ಆಕ್ಷೇಪ ಹುಟ್ಟುತ್ತದೆ, ಅದು ಹಗುರವಾದದ್ದೇನಲ್ಲ. ಈಗ ಎಲ್ಲವೂ 2.4 ಗಿಗಾಹರ್ಟ್ಸ್, ಒಬ್ಬರ ಸಿಗ್ನಲ್ ಇನ್ನೊಬ್ಬರದಕ್ಕೆ ಅಡ್ಡ ಬರುವುದಿಲ್ಲ. ಹಾಗಿದ್ದಮೇಲೆ ಅಗ್ಗದ್ದಕ್ಕೂ ದುಬಾರಿಯದಕ್ಕೂ ಏನು ವ್ಯತ್ಯಾಸ? ಅರ್ಧ ನಿಜ. ಅಡ್ಡಬರುವ ಸಿಗ್ನಲ್‌ನ ಕಾಟ ಹೋಯಿತು, ಆದರೆ ತೊಂದರೆ ಬೇರೆ ಕಡೆಗೆ ಸರಿಯಿತು. ಹಳೆಯ ರಿಸೀವರ್‌ಗಳು ವೋಲ್ಟೇಜ್ ಕುಸಿದರೂ ತಡವರಿಸುತ್ತಾ ನಡೆದುಬಿಡುತ್ತಿದ್ದವು. ಈಗಿನದರಲ್ಲಿ ಪುಟ್ಟ ಕಂಪ್ಯೂಟರ್ ಇದೆ, ವೋಲ್ಟೇಜ್ ಒಂದು ಮಿತಿಗಿಂತ ಕೆಳಗೆ ಹೋದರೆ ಅದು ಸತ್ತು ಮತ್ತೆ ಎದ್ದೇಳುತ್ತದೆ, ಅಷ್ಟು ಹೊತ್ತು ವಿಮಾನಕ್ಕೆ ದಿಕ್ಕಿಲ್ಲ. ಲೆಕ್ಕ ಹಾಕಿ ನೋಡಿ. ಒಂಬತ್ತು ಗ್ರಾಂನ ಅಗ್ಗದ ಸರ್ವೋ ಎಲ್ಲಾದರೂ ಸಿಕ್ಕಿಕೊಂಡು ನಿಂತರೆ ಸುಮಾರು 0.7 ಆಂಪಿಯರ್ ಎಳೆಯುತ್ತದೆ. ನಾಲ್ಕೂ ಒಟ್ಟಿಗೆ ಒದ್ದಾಡಿದರೆ 2.8 ಆಂಪಿಯರ್. ಅಗ್ಗದ ಸ್ಪೀಡ್ ಕಂಟ್ರೋಲರ್ ಒಳಗಿನ, ರಿಸೀವರ್‌ಗೆ 5 ವೋಲ್ಟ್ ಕೊಡುವ ಬಿಇಸಿ ಸರ್ಕ್ಯೂಟಿನ ಸಾಮರ್ಥ್ಯ ಸಾಮಾನ್ಯವಾಗಿ 2 ಆಂಪಿಯರ್ ಎಂದು ಬರೆದಿರುತ್ತದೆ. ಅದು ಲೀನಿಯರ್ ಮಾದರಿಯದಾದರೆ, ಪೂರ್ತಿ ಚಾರ್ಜ್ ಆದ ಮೂರು ಸೆಲ್ ಬ್ಯಾಟರಿಯ 12.6 ವೋಲ್ಟನ್ನು 5ಕ್ಕೆ ಇಳಿಸುವಾಗ 2 ಆಂಪಿಯರ್‌ಗೆ ಹದಿನೈದು ವಾಟ್ ಶಾಖವಾಗಿ ಹೋಗಬೇಕು. ಗಾಳಿಯಾಡದ ಫೋಮ್ ಹೊಟ್ಟೆಯಲ್ಲಿ ಅದು ಬಿಸಿಯಾಗಿ ಕೈಕೊಡುತ್ತದೆ. ಮೈದಾನದಲ್ಲಿ ಎಲ್ಲರೂ ‘ಸಿಗ್ನಲ್ ಹೋಯ್ತು’ ಎನ್ನುತ್ತಾರೆ. ಹೋಗಿದ್ದು ಕರೆಂಟು. ರಿಸೀವರ್‌ನ ವೋಲ್ಟೇಜನ್ನು ನೆಲಕ್ಕೆ ತಿಳಿಸಿ, ಕಡಿಮೆಯಾದರೆ ಕೂಗಿ ಎಚ್ಚರಿಸುವ ರೇಡಿಯೊ ಹೊಸಬರಿಗೆ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ. ಹಳಬರು ಆ ಬಿಸಿಯನ್ನು ಬೆರಳಿಟ್ಟು ನೋಡಿಯೇ ಊಹಿಸುತ್ತಾರೆ.

ಆಂಟೆನಾದ ಮಾತೂ ಇದೆ, ಅದನ್ನು ಬೇಗ ಮುಗಿಸುತ್ತೇನೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್. ರಿಸೀವರ್ ತಂತಿಯ ತುದಿಯಲ್ಲಿ ಕಾಣುವ ಮೂರು ಸೆಂಟಿಮೀಟರ್ ಚಿಲ್ಲರೆ ಭಾಗವೇ ನಿಜವಾದ ಆಂಟೆನಾ. ಎರಡು ಆಂಟೆನಾಗಳ ರಿಸೀವರ್ ಕೊಂಡು ಅವನ್ನು ಒಂದಕ್ಕೊಂದು ಲಂಬವಾಗಿ, ಬ್ಯಾಟರಿ, ಮೋಟಾರ್ ಮತ್ತು ಕಾರ್ಬನ್ ಫೈಬರ್ ಕಡ್ಡಿಗಳಿಂದ ದೂರ ಕೂರಿಸಿದರೆ ವಿಮಾನ ಹೇಗೇ ವಾಲಿದರೂ ಒಂದಲ್ಲ ಒಂದು ಆಂಟೆನಾ ಮಾತು ಕೇಳುತ್ತದೆ. ಹಾಗೆಂದು ಹತ್ತಾರು ಕಿಲೋಮೀಟರ್ ದೂರ ಹೋಗುತ್ತದೆ ಎಂಬ ಜಾಹೀರಾತಿಗೆ ಹಣ ಸುರಿಯಬೇಕಿಲ್ಲ. ಒಂದು ಮೀಟರ್ ರೆಕ್ಕೆಯ ವಿಮಾನ ಮುನ್ನೂರು ಮೀಟರ್ ದೂರ ಹೋದರೆ ಅದು ಬರುತ್ತಿದೆಯೋ ಹೋಗುತ್ತಿದೆಯೋ ಎಂದು ಹೊಸಬರ ಕಣ್ಣಿಗೆ ತಿಳಿಯುವುದಿಲ್ಲ. ಸೆಕೆಂಡಿಗೆ ಐನೂರು ಸಲ ಸಿಗ್ನಲ್ ಕಳಿಸುತ್ತದೆ ಎಂಬ ಹೊಗಳಿಕೆಯೂ ಅಷ್ಟೇ. ಸಾಧಾರಣ ಸರ್ವೋ ಹೊಸ ಆಜ್ಞೆಯನ್ನು ಕೇಳಿಸಿಕೊಳ್ಳುವುದೇ ಸೆಕೆಂಡಿಗೆ ಐವತ್ತು ಸಲ.

ಎಲ್ಲಕ್ಕಿಂತ ಮುಖ್ಯವಾದದ್ದು ಫೇಲ್‌ಸೇಫ್: ಟ್ರಾನ್ಸ್‌ಮಿಟರ್ ಮತ್ತು ರಿಸೀವರ್ ನಡುವಿನ ಕೊಂಡಿ ಕಡಿದಾಗ ವಿಮಾನ ಏನು ಮಾಡಬೇಕು ಎಂದು ಮೊದಲೇ ಹೇಳಿಟ್ಟಿರುವ ಏರ್ಪಾಡು. ಕೆಲವು ರಿಸೀವರ್‌ಗಳು ಕೊನೆಯ ಆಜ್ಞೆಯನ್ನೇ ಹಿಡಿದು ಕೂರುತ್ತವೆ. ಕೊನೆಯ ಆಜ್ಞೆ ಪೂರ್ತಿ ಥ್ರಾಟಲ್ ಆಗಿದ್ದರೆ ವಿಮಾನ ಬ್ಯಾಟರಿ ಮುಗಿಯುವವರೆಗೆ ಅಥವಾ ಏನಾದರೂ ಎದುರಾಗುವವರೆಗೆ ಅದೇ ವೇಗದಲ್ಲಿ ಹೋಗುತ್ತದೆ. ಫೋಮ್ ವಿಮಾನ ತಾನೇ, ಏನಾದೀತು ಎನ್ನುವವರು ಈ ಲೆಕ್ಕ ನೋಡಬೇಕು. 800 ಗ್ರಾಂ ವಿಮಾನ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 54 ಕಿಲೋಮೀಟರ್‌ನಲ್ಲಿ ಹೋಗುತ್ತಿದ್ದರೆ ಅದರ ಚಲನ ಶಕ್ತಿ 90 ಜೂಲ್. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಎಸೆದ ಕ್ರಿಕೆಟ್ ಚೆಂಡಿನಲ್ಲೂ ಸರಿಸುಮಾರು ಅಷ್ಟೇ ಶಕ್ತಿ. ಹೆಲ್ಮೆಟ್ ಇಲ್ಲದೆ ಅದರ ಎದುರು ಯಾರೂ ನಿಲ್ಲುವುದಿಲ್ಲ, ಜೊತೆಗೆ ಚೆಂಡಿನ ಮೂತಿಯಲ್ಲಿ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಪ್ರೊಪೆಲ್ಲರ್ ಇರುವುದಿಲ್ಲ. ನಮ್ಮೂರುಗಳಲ್ಲಿ ವಿಮಾನ ಹಾರಿಸುವ ಬಯಲೆಂದರೆ ಇನ್ನೊಂದು ಮೂಲೆಯಲ್ಲಿ ಮಕ್ಕಳು ಆಡುತ್ತಿರುವ, ಮತ್ತೊಂದು ಮೂಲೆಯಲ್ಲಿ ದನ ಮೇಯುತ್ತಿರುವ ಬಯಲು. ಆದ್ದರಿಂದ ಕೊಂಡಿ ಕಡಿದ ಕೂಡಲೇ ಮೋಟಾರ್ ನಿಲ್ಲುವಂತೆ, ರಡ್ಡರ್ ಸ್ವಲ್ಪ ಒಂದು ಕಡೆಗೆ ವಾಲಿ ವಿಮಾನ ಅಲ್ಲೇ ಸುತ್ತು ಹಾಕುತ್ತ ಇಳಿಯುವಂತೆ ಹೊಂದಿಸಲು ಬಾರದ ರೇಡಿಯೊವನ್ನು, ಅದು ಪುಕ್ಕಟೆ ಸಿಕ್ಕರೂ, ವಿಮಾನಕ್ಕೆ ಹಾಕಬಾರದು. ಹೊಂದಿಸಿದರೆ ಸಾಲದು, ಪರೀಕ್ಷಿಸಲೂಬೇಕು: ಪ್ರೊಪೆಲ್ಲರ್ ಬಿಚ್ಚಿಟ್ಟು, ಮೋಟಾರ್ ಅರ್ಧ ವೇಗದಲ್ಲಿ ಓಡುತ್ತಿರುವಾಗ ಟ್ರಾನ್ಸ್‌ಮಿಟರ್ ಆರಿಸಿ ನೋಡಬೇಕು. ಎರಡು ನಿಮಿಷದ ಕೆಲಸ.

ಇನ್ನು ಆಕ್ಷೇಪಗಳು. ಮನೆಯವರ ಮೊದಲ ಪ್ರಶ್ನೆ: ಮೂರು ತಿಂಗಳಲ್ಲಿ ಮಗನಿಗೋ ಮಗಳಿಗೋ ಆಸಕ್ತಿ ಹೋದರೆ? ಹೋಗಬಹುದು. ಆಗ ಒಳ್ಳೆಯ ಟ್ರಾನ್ಸ್‌ಮಿಟರ್ ಹೋದ ಬೆಲೆಗಾದರೂ ಮಾರಾಟವಾಗುತ್ತದೆ. ಆಟಿಕೆ ರಿಮೋಟನ್ನು ಯಾರೂ ಕೇಳುವುದಿಲ್ಲ. ಆದರೆ ಆಸಕ್ತಿ ಹೋಗುವುದು ಯಾಕೆ ಎಂಬುದನ್ನೂ ಕೇಳಬೇಕು. ತಿಂಗಳುಗಟ್ಟಲೆ ಕಟ್ಟಿದ್ದು ಹತ್ತು ಸೆಕೆಂಡಿನಲ್ಲಿ ನೆಲಕ್ಕೆ ಬಡಿದರೆ ಯಾರ ಉತ್ಸಾಹವೂ ಉಳಿಯುವುದಿಲ್ಲ. ಇದಕ್ಕೆ ಮದ್ದು ಸಿಮ್ಯುಲೇಟರ್. ಒಳ್ಳೆಯ ಟ್ರಾನ್ಸ್‌ಮಿಟರನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಿ, ವಿಮಾನ ಕಟ್ಟುವ ಮೊದಲೇ ಪರದೆಯ ಮೇಲೆ ಬೇಕಾದಷ್ಟು ಸಲ ಬೀಳಿಸಿ ಕಲಿಯಬಹುದು. ವಿಮಾನ ಎದುರಿಗೆ ಬರುವಾಗ ಎಡಬಲ ಅದಲುಬದಲಾಗುವ ಗೊಂದಲ ಪುಸ್ತಕ ಓದಿ ಹೋಗುವಂಥದ್ದಲ್ಲ, ಹೆಬ್ಬೆರಳಿಗೇ ಅಭ್ಯಾಸವಾಗಬೇಕು. ಅದೇ ಸ್ಟಿಕ್, ಅದೇ ಹಿಡಿತದಲ್ಲಿ ಅಭ್ಯಾಸ ಮಾಡಿದವರು ಮೈದಾನಕ್ಕೆ ಬರುವಾಗ ಅರ್ಧ ಕಲಿತಿರುತ್ತಾರೆ. ಹೀಗೆ ನೋಡಿದರೆ, ಒಂದು ವಿಮಾನವೂ ಏಳದೇ ಇದ್ದಾಗಲೇ ಕೆಲಸ ಶುರುಮಾಡುವ ಸಾಮಾನು ರೇಡಿಯೊ ಒಂದೇ.

ಎರಡನೆಯ ಆಕ್ಷೇಪ ಎಂಜಿನಿಯರಿಂಗ್ ವಿದ್ಯಾರ್ಥಿಗಳದು, ಅದರ ಬಗ್ಗೆ ನನಗೆ ಗೌರವವಿದೆ. ವಿಮಾನವನ್ನು ಕೈಯಾರೆ ಕಟ್ಟುವುದಾದರೆ ರೇಡಿಯೊವನ್ನೂ ಯಾಕೆ ಕಟ್ಟಬಾರದು? ಆರ್ಡುಯಿನೊ ಬೋರ್ಡ್ ಎರಡು, ಎನ್‌ಆರ್‌ಎಫ್24 ಎಂಬ ನೂರಿನ್ನೂರು ರೂಪಾಯಿಯ ರೇಡಿಯೊ ಮಾಡ್ಯೂಲ್ ಎರಡು, ಜಾಯ್‌ಸ್ಟಿಕ್ ಎರಡು ತಂದರೆ ಸಾವಿರದೈನೂರರೊಳಗೆ ಟ್ರಾನ್ಸ್‌ಮಿಟರ್, ರಿಸೀವರ್ ಎರಡೂ ಸಿದ್ಧ. ಕಲಿಕೆಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಸಿಗುವುದು ಕಷ್ಟ. ಕಾರಿಗೆ, ದೋಣಿಗೆ ಧಾರಾಳವಾಗಿ ಹಾಕಿ. ಕೊಂಡಿ ಕಡಿದರೆ ಕಾರು ಗೋಡೆಗೆ ಗುದ್ದಿ ನಿಲ್ಲುತ್ತದೆ. ವಿಮಾನಕ್ಕೆ ಆ ಸೌಭಾಗ್ಯವಿಲ್ಲ. ಅಂತರ್ಜಾಲದಲ್ಲಿ ಸಿಗುವ ಇಂಥ ಪ್ರೋಗ್ರಾಂಗಳಲ್ಲಿ ಅನೇಕವು ಒಂದೇ ಚಾನೆಲ್‌ನಲ್ಲಿ ಕೂರುತ್ತವೆ, ಗದ್ದಲ ಕಂಡರೆ ಬೇರೆಡೆಗೆ ಹಾರುವುದಿಲ್ಲ. ಫೇಲ್‌ಸೇಫನ್ನು ಬರೆದವರೇ ನೆನಪಿಟ್ಟು ಸೇರಿಸಬೇಕು. ಮರೆತರೆ ಕೊನೆಯ ಆಜ್ಞೆಯೇ ಖಾಯಂ. ಮಾಡ್ಯೂಲಿಗೆ ಹೋಗುವ ವಿದ್ಯುತ್ತಿನಲ್ಲಿ ಸಣ್ಣ ಏರಿಳಿತವಿದ್ದರೂ ಅದು ತಡವರಿಸುತ್ತದೆ, ಪಕ್ಕದಲ್ಲೊಂದು ಕೆಪಾಸಿಟರ್ ಬೆಸೆಯಬೇಕು. ಇವೆಲ್ಲ ಬಗೆಹರಿಯುವ ತೊಂದರೆಗಳೇ. ಆದರೆ ವಿಮಾನವೂ ಹೊಸದು, ಹಾರಿಸುವ ಕೈಯೂ ಹೊಸದು, ಅದರ ಮೇಲೆ ರೇಡಿಯೊವೂ ಹೊಸದಾದರೆ, ಬಿದ್ದಾಗ ತಪ್ಪು ಯಾವುದರದ್ದೆಂದು ಹೇಳುವವರು ಯಾರು? ಪ್ರಯೋಗವೆಂದರೆ ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಿಸಿ ನೋಡುವುದು ಎಂದು ಎಂಜಿನಿಯರಿಂಗ್ ಕಾಲೇಜಿನಲ್ಲೇ ಕಲಿಸುತ್ತಾರೆ. ಮೊದಲ ವಿಮಾನ ಕೊಂಡ ರೇಡಿಯೊದಲ್ಲಿ ಹಾರಲಿ, ಐದನೆಯದಕ್ಕೆ ಸ್ವಂತದ್ದು ಹಾಕಿ.

ಮೂರನೆಯದು ಗೈರೊ. ವಿಮಾನವನ್ನು ತಾನಾಗಿ ಸಮತೋಲದಲ್ಲಿಡುವ ಪುಟ್ಟ ಬೋರ್ಡ್‌ಗಳು ಈಗ ಸುಲಭವಾಗಿ ಸಿಗುವುದರಿಂದ ರೇಡಿಯೊ ಹೇಗಿದ್ದರೂ ನಡೆಯುತ್ತದೆ ಎಂಬ ಮಾತು. ಗೈರೊ ಉಪಕಾರಿ, ಅನುಮಾನವಿಲ್ಲ. ಆದರೆ ದಿಕ್ಕು ತಪ್ಪಾಗಿ ಹೊಂದಿಸಿದ ಗೈರೊ ವಾಲುವ ವಿಮಾನವನ್ನು ಎತ್ತುವ ಬದಲು ಇನ್ನಷ್ಟು ವಾಲಿಸುತ್ತದೆ, ಅದೂ ಮನುಷ್ಯನಿಗಿಂತ ವೇಗವಾಗಿ. ಹಾಗಾದಾಗ ಅದನ್ನು ತಕ್ಷಣ ಆರಿಸಲು ಒಂದು ಸ್ವಿಚ್ ಬೇಕು, ಸ್ವಿಚ್‌ಗೆ ಐದನೆಯ ಚಾನೆಲ್ ಬೇಕು. ಸುತ್ತಿ ಬಳಸಿ ಮತ್ತೆ ಒಳ್ಳೆಯ ರೇಡಿಯೊಗೇ ಬಂದು ನಿಂತೆವು.

ನಿಜವಾಗಿ ತೂಕವಿರುವ ಆಕ್ಷೇಪ ಇನ್ನೊಂದಿದೆ: ಸೌಲಭ್ಯ ಹೆಚ್ಚಾದಷ್ಟೂ ಗೊಂದಲ ಹೆಚ್ಚು. ಇದನ್ನು ಒಪ್ಪುತ್ತೇನೆ. ರೇಡಿಯೊಮಾಸ್ಟರ್‌ನಂಥ ಕಂಪನಿಗಳ ಟ್ರಾನ್ಸ್‌ಮಿಟರ್‌ಗಳಲ್ಲಿ ಎಡ್ಜ್‌ಟಿಎಕ್ಸ್ ಎಂಬ ಮುಕ್ತ ತಂತ್ರಾಂಶವಿದೆ. ಅದರಲ್ಲಿ ಆಗದ ಹೊಂದಿಕೆಯೇ ಇಲ್ಲ, ಆದರೆ ಮೊದಲ ದಿನ ಅದರ ಮೆನುಗಳಲ್ಲಿ ದಾರಿ ತಪ್ಪದವರೂ ಇಲ್ಲ. ಇವುಗಳಲ್ಲಿ ಚಿಕ್ಕದು ಏಳೆಂಟು ಸಾವಿರಕ್ಕೆ ಸಿಗುತ್ತದೆ, ಯುಎಸ್‌ಬಿ ಕೇಬಲ್ ಹಾಕಿದರೆ ಸೀದಾ ಸಿಮ್ಯುಲೇಟರ್‌ಗೆ ಒದಗುತ್ತದೆ, ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂಬ ಮುಕ್ತ ಪದ್ಧತಿಯ ರಿಸೀವರ್‌ಗಳನ್ನು ಬೇರೆ ಬೇರೆ ಕಂಪನಿಗಳು ಮಾಡುವುದರಿಂದ ಒಬ್ಬರನ್ನೇ ನೆಚ್ಚಿ ಕೂರಬೇಕಿಲ್ಲ. ಪಕ್ಕದಲ್ಲಿ ಹೇಳಿಕೊಡುವ ಹಳಬರಿದ್ದರೆ ಅದನ್ನೇ ಕೊಳ್ಳಿ. ಇಲ್ಲದಿದ್ದರೆ ಸರಳ ಮೆನುವಿನ ಆರು ಚಾನೆಲ್ ಸೆಟ್ ಸಾಕು. ಬಣ್ಣದ ಸ್ಪರ್ಶಪರದೆ, ಹದಿನಾರು ಚಾನೆಲ್ ಎಲ್ಲ ಮೊದಲ ವಿಮಾನಕ್ಕೆ ಅಲಂಕಾರ. ಒಳ್ಳೆಯದು ಎಂದರೆ ದುಬಾರಿಯದು ಎಂದು ನಾನು ಎಲ್ಲೂ ಹೇಳಿಲ್ಲ. ನಿಮ್ಮ ಮೈದಾನದಲ್ಲಿ ಹೆಚ್ಚು ಜನ ಏನನ್ನು ಬಳಸುತ್ತಾರೋ ಅದನ್ನೇ ಕೊಳ್ಳುವುದು ಮೇಲು. ಹೇಳಿಕೊಡಲು ಜನ ಸಿಗುತ್ತಾರೆ, ಟ್ರೈನರ್ ಕೇಬಲ್ ಹಾಕಿ ಎರಡು ಟ್ರಾನ್ಸ್‌ಮಿಟರ್ ಜೋಡಿಸಿದರೆ ಕೈತಪ್ಪಿದಾಗ ಅವರು ವಿಮಾನವನ್ನು ಹಿಡಿದುಕೊಳ್ಳುತ್ತಾರೆ. ಥ್ರಾಟಲ್ ಎಡಗೈಗೆ ಬರುವ ಮೋಡ್ 2 ನಮ್ಮಲ್ಲಿ ರೂಢಿ. ಅದನ್ನೇ ಕೇಳಿ ಪಡೆಯಿರಿ.

ಕಾನೂನಿನ ವಿಷಯದಲ್ಲಿ ಒಂದು ಎಚ್ಚರಿಕೆ. 900 ಮೆಗಾಹರ್ಟ್ಸ್ ಆಸುಪಾಸಿನ ದೂರಗಾಮಿ ಮಾಡ್ಯೂಲ್‌ಗಳೂ ಅಂತರ್ಜಾಲದಲ್ಲಿ ಮಾರಾಟಕ್ಕಿವೆ. ಅಮೆರಿಕಕ್ಕೆಂದು ಮಾಡಿದ 915 ಮೆಗಾಹರ್ಟ್ಸ್ ಉಪಕರಣ ಅಲ್ಲಿ ಮುಕ್ತ, ಇಲ್ಲಿ ಅಲ್ಲ; ನಮ್ಮಲ್ಲಿ ಆ ಬ್ಯಾಂಡಿನ ಒಂದು ಪಾಲು ಮೊಬೈಲ್ ಫೋನ್‌ಗಳಿಗೆ ಹಂಚಿಕೆಯಾಗಿದೆ. ಭಾರತದಲ್ಲಿ ಪರವಾನಗಿ ಬೇಡದ್ದು 865ರಿಂದ 868ರವರೆಗಿನ ಕಿರಿದಾದ ಪಟ್ಟಿ. ಮೊದಲ ವಿಮಾನಕ್ಕೆ 2.4 ಗಿಗಾಹರ್ಟ್ಸ್ ಬಿಟ್ಟು ಬೇರೆ ಯೋಚಿಸಲೇಬೇಡಿ. 2021ರ ಡ್ರೋನ್ ನಿಯಮಗಳು ಕಲಿಕೆ, ಸಂಶೋಧನೆ, ಮನರಂಜನೆಗೆ ಕಣ್ಣಳತೆಯಲ್ಲಿ ಹಾರಿಸುವ 25 ಕೆಜಿವರೆಗಿನ ಮಾದರಿ ವಿಮಾನಗಳಿಗೆ ಟೈಪ್ ಸರ್ಟಿಫಿಕೇಟ್‌ನಿಂದ ವಿನಾಯಿತಿ ಕೊಟ್ಟಿವೆ. ವಾಣಿಜ್ಯ ಉದ್ದೇಶವಿಲ್ಲದಿದ್ದರೆ 2 ಕೆಜಿವರೆಗೆ ಪೈಲಟ್ ಪ್ರಮಾಣಪತ್ರವೂ ಬೇಡ. ಹಾಗೆಂದು ಎಲ್ಲೆಂದರಲ್ಲಿ ಹಾರಿಸುವಂತಿಲ್ಲ. ಸರ್ಕಾರದ ವಾಯುಪ್ರದೇಶ ನಕ್ಷೆಯಲ್ಲಿ ಹಸಿರು ಎಂದು ಗುರುತಿಸಿದ ವಲಯದಲ್ಲಿ 400 ಅಡಿ ಎತ್ತರದೊಳಗೆ ಹಾರಿಸಬಹುದು. ಕೆಂಪೇಗೌಡ ನಿಲ್ದಾಣ, ಯಲಹಂಕ, ಜಕ್ಕೂರು, ಎಚ್‌ಎಎಲ್ ಎಲ್ಲವನ್ನೂ ಒಡಲಲ್ಲಿಟ್ಟುಕೊಂಡ ಬೆಂಗಳೂರಿನಲ್ಲಿ ಅಂಥ ಜಾಗ ಹುಡುಕಲು ಆ ನಕ್ಷೆ ನೋಡಿಯೇ ಹೊರಡಬೇಕು.

ಐದು ಸಾವಿರವೇ ದೊಡ್ಡ ಮೊತ್ತವಾಗಿರುವ ಮನೆಗಳ ಮಾತೇನು? ಈ ಪ್ರಶ್ನೆಗೆ ಉತ್ತರ ಅಗ್ಗದ ರೇಡಿಯೊ ಅಲ್ಲ, ಹಂಚಿಕೊಂಡ ರೇಡಿಯೊ. ಇಪ್ಪತ್ತು ಮಾದರಿಗಳನ್ನು ನೆನಪಿಡುವ ಒಂದು ಟ್ರಾನ್ಸ್‌ಮಿಟರ್ ಇಪ್ಪತ್ತು ವಿದ್ಯಾರ್ಥಿಗಳು ಕಟ್ಟಿದ ಇಪ್ಪತ್ತು ವಿಮಾನಗಳಿಗೆ ಸಾಕು. ಪ್ರತಿಯೊಬ್ಬರೂ ಕೊಳ್ಳಬೇಕಾದದ್ದು ರಿಸೀವರ್ ಮಾತ್ರ. ನಮ್ಮ ಪಾಲಿಟೆಕ್ನಿಕ್‌ಗಳು, ಎಂಜಿನಿಯರಿಂಗ್ ಕಾಲೇಜುಗಳು, ಎನ್‌ಸಿಸಿಯ ವಾಯುದಳ ಘಟಕಗಳು, ಶಾಲೆಗಳ ಟಿಂಕರಿಂಗ್ ಲ್ಯಾಬ್‌ಗಳು ಸಿದ್ಧ ಡ್ರೋನ್ ತಂದು ಗಾಜಿನ ಕಪಾಟಿನಲ್ಲಿಡುವ ಬದಲು ಅದೇ ಹಣಕ್ಕೆ ಒಂದೇ ಮಾದರಿಯ ನಾಲ್ಕು ಟ್ರಾನ್ಸ್‌ಮಿಟರ್, ಒಂದು ಟ್ರೈನರ್ ಕೇಬಲ್, ಸಿಮ್ಯುಲೇಟರ್ ಹಾಕಿದ ಒಂದು ಕಂಪ್ಯೂಟರ್ ಇಟ್ಟು, ಗ್ರಂಥಾಲಯದ ಪುಸ್ತಕದಂತೆ ಸಹಿ ಹಾಕಿಸಿಕೊಂಡು ಕೊಡಲಿ. ಫೋಮ್, ಅಂಟು, ಬ್ಲೇಡು ವಿದ್ಯಾರ್ಥಿಗಳೇ ತರುತ್ತಾರೆ. ಫೇಲ್‌ಸೇಫ್ ಪರೀಕ್ಷೆಯನ್ನು ಮೇಷ್ಟ್ರ ಎದುರು ಮಾಡಿ ತೋರಿಸದ ವಿಮಾನ ಮೈದಾನಕ್ಕೆ ಹೋಗಬಾರದು ಎಂಬ ಒಂದು ನಿಯಮವನ್ನೂ ಗೋಡೆಗೆ ಅಂಟಿಸಲಿ.

ಸ್ವಂತಕ್ಕೆ ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಕೆಲವೇ. ಥ್ರಾಟಲ್‌ಗೆ ಫೇಲ್‌ಸೇಫ್ ಹೊಂದಿಸಬಹುದೇ, ಈಗಲೇ ತೋರಿಸುತ್ತೀರಾ? ಎಷ್ಟು ವಿಮಾನಗಳ ಹೊಂದಿಕೆ ನೆನಪಿಡುತ್ತದೆ? ರಿಸೀವರ್ ವೋಲ್ಟೇಜ್ ಪರದೆಯ ಮೇಲೆ ಕಾಣುತ್ತದೆಯೇ? ಇನ್ನೊಂದು ರಿಸೀವರ್ ಬಿಡಿಯಾಗಿ ಸಿಗುತ್ತದೆಯೇ, ಎಷ್ಟಕ್ಕೆ? ಈ ನಾಲ್ಕಕ್ಕೆ ನೇರ ಉತ್ತರ ಕೊಡದೆ, ‘ಹೊಸಬರಿಗೆ ಇಷ್ಟು ಸಾಕು ಬಿಡಿ’ ಎಂದರೆ ಆ ಅಂಗಡಿ ಬಿಟ್ಟು ಮುಂದಿನದಕ್ಕೆ ಹೋಗಿ.